ಪೆಲೆಟ್ ಸ್ಟೋವ್ ಕೈಕೊಟ್ಟಾಗ: ಬಿಡಿಭಾಗ ತರಿಸುವ ಮೊದಲು ಗಾಳಿಯ ದಾರಿ ನೋಡಿ

ಅಮೆರಿಕದ ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮೇನ್ ಕಡೆ ಮನೆ ಕೊಂಡ ನಮ್ಮವರಲ್ಲಿ ಕೆಲವರಿಗೆ ಪೆಲೆಟ್ ಸ್ಟೋವ್, ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳನ್ನು (ಪೆಲೆಟ್) ಉರಿಸಿ ಮನೆ ಬಿಸಿ ಮಾಡುವ ಒಲೆ, ಮನೆಯ ಜೊತೆಗೇ ಬಂದಿರುತ್ತದೆ. ಹಳೆಯ ಮಾಲೀಕರು ಬಿಟ್ಟುಹೋದದ್ದು. ಕೈಪಿಡಿ ಇರುವುದಿಲ್ಲ, ಗ್ಯಾರೇಜಿನ ಮೂಲೆಯಲ್ಲಿ ಒಂದಷ್ಟು ಪೆಲೆಟ್ ಚೀಲ ಬಿದ್ದಿರುತ್ತವೆ. ಅಕ್ಟೋಬರಿನಲ್ಲಿ ಹಚ್ಚಿದರೆ ಚೆನ್ನಾಗಿಯೇ ಉರಿಯುತ್ತದೆ. ಜನವರಿಯಲ್ಲಿ, ಚಳಿ ಹಲ್ಲು ಕಡಿಸುವ ಹೊತ್ತಿಗೆ, ರಾತ್ರಿ ತಾನಾಗಿ ಆರಿ ಕೂರುತ್ತದೆ. ಆ ಕಾಲದಲ್ಲಿ ರಿಪೇರಿಯವರು ಕರೆದ ತಕ್ಷಣ ಸಿಗುವುದಿಲ್ಲ. ಆಗ ಬೆಂಕಿ ಹೊತ್ತಿಸುವ ಇಗ್ನೈಟರ್, ಸ್ವಿಚ್, ಬೋರ್ಡ್ ಅಂತ ಒಂದೊಂದೇ ತರಿಸಿ ಬದಲಾಯಿಸುವ ಕೆಲಸ ಶುರುವಾಗುತ್ತದೆ.

ಹಾಗೆ ಮಾಡಬೇಡಿ ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೆಲೆಟ್ ಸ್ಟೋವ್ ತಾನಾಗಿ ನಿಂತರೆ ಬಹುಪಾಲು ಸಲ ಯಾವ ಭಾಗವೂ ಕೆಟ್ಟಿರುವುದಿಲ್ಲ. ಗಾಳಿ ಒಳಗೆ ಬರುವ ದಾರಿಯಲ್ಲೋ ಹೊಗೆ ಹೊರಗೆ ಹೋಗುವ ದಾರಿಯಲ್ಲೋ ಬೂದಿ ಕೂತಿರುತ್ತದೆ. ಆ ದಾರಿ ಬಿಡಿಸದೆ ಹಾಕಿದ ಹೊಸ ಭಾಗ ಸ್ವಲ್ಪ ದಿನ ಕೆಲಸ ಮಾಡಿದಂತೆ ಕಾಣುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಊರಿನ ಬಚ್ಚಲುಮನೆಯಲ್ಲಿ ಹಂಡೆ ಒಲೆ ಹಚ್ಚಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ: ಬೂದಿ ತೆಗೆಯದ ಒಲೆಗೆ ಎಷ್ಟು ಒಣ ಸೌದೆ ತುರುಕಿದರೂ ಬರುವುದು ಹೊಗೆಯೇ.

ಒಳಗೆ ನಡೆಯುವುದೇನು

ಮೇಲೆ ಹಾಪರ್ ಅನ್ನುವ ತೊಟ್ಟಿ, ಅದರಲ್ಲಿ ಪೆಲೆಟ್. ಹಾಪರಿನ ತಳದಲ್ಲಿ ಆಗರ್, ತಿರುಪಿನ ಆಕಾರದ ದಪ್ಪ ಸರಳು. ಅದನ್ನು ತಿರುಗಿಸುವುದು ಒಂದು ಸಣ್ಣ ಗೇರ್ ಮೋಟರ್. ನಿಮಿಷಕ್ಕೆ ಒಂದೆರಡು ಸುತ್ತಿನಷ್ಟು ನಿಧಾನ, ಅದೂ ಬಿಟ್ಟು ಬಿಟ್ಟು. ಕಂಟ್ರೋಲ್ ಬೋರ್ಡ್ ಆ ಮೋಟರಿಗೆ ತುಸು ಹೊತ್ತು ಕರೆಂಟ್ ಕೊಟ್ಟು ತುಸು ಹೊತ್ತು ನಿಲ್ಲಿಸುತ್ತದೆ. ನೀವು ಉರಿ ಜಾಸ್ತಿ ಮಾಡಿದರೆ ನಿಲ್ಲುವ ಹೊತ್ತು ಕಡಿಮೆಯಾಗಿ ಪೆಲೆಟ್ ಹೆಚ್ಚು ಬೀಳುತ್ತದೆ. ಆಗರ್ ಎತ್ತಿದ ಪೆಲೆಟ್ ಇಳಿಜಾರು ಕೊಳವೆಯಲ್ಲಿ ಜಾರಿ ಬರ್ನ್ ಪಾಟ್‌ಗೆ, ಅಂದರೆ ತೂತು ತೂತಾದ ಕಬ್ಬಿಣದ ಬಟ್ಟಲಿಗೆ, ಬೀಳುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಮೇಲಿನಿಂದ ಬೀಳುವ ಬದಲು ಪಕ್ಕದಿಂದಲೋ ಕೆಳಗಿನಿಂದಲೋ ತಳ್ಳಿಕೊಂಡು ಬರುತ್ತದೆ.

ಇದರಲ್ಲಿ ಎರಡು ಬ್ಲೋವರ್ ಇವೆ, ಎರಡರ ಕೆಲಸ ಬೇರೆ ಬೇರೆ. ಎಕ್ಸಾಸ್ಟ್ ಬ್ಲೋವರ್ ಉರಿಯ ಪೆಟ್ಟಿಗೆಯಿಂದ ಹೊಗೆಯನ್ನು ಎಳೆದು ಪೈಪಿನ ಮೂಲಕ ಹೊರಗೆ ಹಾಕುತ್ತದೆ. ಹೀಗೆ ಎಳೆಯುವುದರಿಂದ ಪೆಟ್ಟಿಗೆಯೊಳಗೆ ಒತ್ತಡ ಇಳಿದು, ಹೊಸ ಗಾಳಿ ಬರ್ನ್ ಪಾಟಿನ ತೂತುಗಳ ಮೂಲಕ ಬೆಂಕಿಯ ಬುಡಕ್ಕೆ ನುಗ್ಗುತ್ತದೆ. ಕನ್ವೆಕ್ಷನ್ ಬ್ಲೋವರಿಗೆ ಹೊಗೆಯ ಸಂಬಂಧವೇ ಇಲ್ಲ; ಅದು ಕೋಣೆಯ ಗಾಳಿಯನ್ನು ಬಿಸಿ ಕೊಳವೆಗಳ ಮೇಲೆ ಹಾಯಿಸಿ ಮತ್ತೆ ಕೋಣೆಗೆ ಬಿಡುತ್ತದೆ.

ಇವುಗಳ ಮೇಲೆ ಕಣ್ಣಿಡಲು ಮೂರು ಸ್ವಿಚ್‌ಗಳಿವೆ. ವ್ಯಾಕ್ಯೂಮ್ ಸ್ವಿಚ್ ಉರಿಯ ಪೆಟ್ಟಿಗೆಯ ಎಳೆತವನ್ನು ನೋಡುತ್ತದೆ; ಎಳೆತ ಸಾಲದಿದ್ದರೆ ಆಗರ್ ನಿಲ್ಲಿಸುತ್ತದೆ. ಎಕ್ಸಾಸ್ಟ್ ಬ್ಲೋವರಿನ ಮೈಮೇಲೆ ಒಂದು ಸ್ನ್ಯಾಪ್ ಡಿಸ್ಕ್, ಅಂದರೆ ಬಿಸಿಗೆ ಕೆಲಸ ಮಾಡುವ ಬಿಲ್ಲೆಯಂಥ ಸ್ವಿಚ್, ಕೂತಿರುತ್ತದೆ; ಹೊಗೆಯ ಬಿಸಿ ಸುಮಾರು 110ರಿಂದ 140 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಂಕಿ ಇದೆ ಅಂತ ಬೋರ್ಡಿಗೆ ಹೇಳುತ್ತದೆ. ಇನ್ನೊಂದು ಡಿಸ್ಕ್ ಹಾಪರಿನ ಹತ್ತಿರವೋ ಹಿಂಭಾಗದಲ್ಲೋ ಇದ್ದು, ಬಿಸಿ 200-250 ಡಿಗ್ರಿ ಮೀರಿದರೆ ಸ್ಟೋವ್ ಆರಿಸುತ್ತದೆ. ಅಂಕಿಗಳು ಮಾಡೆಲ್ ಪ್ರಕಾರ ಬದಲಾಗುತ್ತವೆ. ಸಾಮಾನ್ಯವಾಗಿ ಡಿಸ್ಕಿನ ಮೈಮೇಲೇ ಕೊರೆದಿರುತ್ತಾರೆ. ಸ್ಟೋವ್ ನಿಲ್ಲಿಸುವುದೇ ಈ ಸ್ವಿಚ್‌ಗಳ ಕೆಲಸ. ಹಾಗಾಗಿ ಸ್ಟೋವ್ ನಿಂತಾಗ ಸ್ವಿಚ್ ಕೆಟ್ಟಿದೆ ಅನ್ನುವ ಮೊದಲು ಅದು ಏನನ್ನು ಕಂಡು ನಿಲ್ಲಿಸಿತು ಅಂತ ಕೇಳಿಕೊಳ್ಳಬೇಕು.

ಕೈ ಹಾಕುವ ಮುನ್ನ

ಪ್ಲಗ್ ತೆಗೆಯಿರಿ. ಬಟನ್ ಆಫ್ ಮಾಡಿದರೆ ಸಾಲದು, ಗೋಡೆಯಿಂದಲೇ ಕಿತ್ತಿಡಿ. ಸ್ಟೋವ್ ಪೂರ್ತಿ ತಣ್ಣಗಾಗಲಿ. ಬೂದಿ ನೋಡಲು ಸತ್ತಂತೆ ಕಂಡರೂ ಅದರೊಳಗೆ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಆದ್ದರಿಂದ ಬಿಗಿ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ, ಮರದ ಡೆಕ್ಕಿನ ಮೇಲಲ್ಲ, ಮನೆಯಿಂದ ದೂರ, ಸಿಮೆಂಟಿನ ಮೇಲೋ ಬರಿ ನೆಲದ ಮೇಲೋ ಇಡಿ. ಮನೆ ಗುಡಿಸುವ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ತರಲೇಬೇಡಿ. ಈ ನುಣುಪು ಬೂದಿ ಅದರ ಫಿಲ್ಟರ್ ದಾಟಿ ಕೋಣೆ ತುಂಬುತ್ತದೆ, ಒಂದು ಕಿಡಿ ಒಳಹೋದರೆ ಚೀಲವೇ ಹೊತ್ತಿಕೊಳ್ಳುತ್ತದೆ. ಬೂದಿಗೆಂದೇ ಮಾಡಿದ ಲೋಹದ ವ್ಯಾಕ್ಯೂಮ್ ಸಿಗುತ್ತದೆ, ಅದಕ್ಕೆ ಹಾಕಿದ ದುಡ್ಡು ದಂಡವಲ್ಲ.

ಸ್ಟೋವ್ ಇರುವ ಮಹಡಿಯಲ್ಲೂ ಮಲಗುವ ಕೋಣೆಗಳ ಹತ್ತಿರವೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕು, ಅದರ ಬ್ಯಾಟರಿ ನೋಡಿರಬೇಕು. ಊರಿನಿಂದ ಅಪ್ಪ ಅಮ್ಮ ಬಂದು ಸ್ಟೋವ್ ಇರುವ ಬೇಸ್‌ಮೆಂಟಿನ ಕೋಣೆಯಲ್ಲಿ ಮಲಗುತ್ತಿದ್ದರಂತೂ ಇದರಲ್ಲಿ ರಾಜಿ ಬೇಡ. ಅಲಾರಂ ಕೂಗಿದರೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ 911ಕ್ಕೆ ಫೋನ್ ಮಾಡಿ. ಸ್ಟೋವ್ ಏನಾಗಿದೆ ಅಂತ ನೋಡುವುದು ಆಮೇಲೆ.

ಜ್ವಾಲೆ ನೋಡಿ

ಮೀಟರ್ ಹಿಡಿಯುವ ಮೊದಲು ಸ್ಟೋವ್ ಉರಿಯುತ್ತಿರುವಾಗ ಮುಂದೆ ಕೂತು ಹತ್ತು ನಿಮಿಷ ಗಾಜಿನೊಳಗೆ ನೋಡಿ. ಸರಿಯಾದ ಜ್ವಾಲೆ ಹಳದಿ-ಬಿಳಿ ಬಣ್ಣದ್ದು, ಗಿಡ್ಡ, ಚುರುಕು; ಗಾಳಿಗೆ ಸಿಕ್ಕಂತೆ ಅಲ್ಲಾಡುತ್ತದೆ, ಬರ್ನ್ ಪಾಟಿನಲ್ಲಿ ಸಣ್ಣ ಕೆಂಡಗಳು ಕುಣಿಯುತ್ತವೆ. ಗಾಳಿ ಸಾಲದ ಜ್ವಾಲೆ ಕಿತ್ತಳೆ ಬಣ್ಣಕ್ಕೆ ತಿರುಗಿ, ಉದ್ದವಾಗಿ, ಸೋಮಾರಿಯಾಗಿ ಮೇಲಕ್ಕೇಳುತ್ತದೆ. ತುದಿಯಲ್ಲಿ ಕಪ್ಪು ಹೊಗೆಯ ಬಾಲ ಇರುತ್ತದೆ. ಗಾಜಿನ ಮೇಲೂ ನೋಡಿ. ತಿಳಿಬೂದು ಪುಡಿ ಕೂತರೆ ಅದು ಸಹಜ. ಕಪ್ಪು ಮಸಿ ಹತ್ತಿದರೆ ಬೆಂಕಿ ಉಸಿರುಗಟ್ಟಿದೆ ಅಂತ ಅರ್ಥ.

ಸೋಮಾರಿ ಜ್ವಾಲೆ ಕಂಡಾಗ ನೋಡಬೇಕಾದ ಕ್ರಮ ಹೀಗೆ. ಮೊದಲು ಬರ್ನ್ ಪಾಟ್. ಅದನ್ನು ಹೊರತೆಗೆದು ಬೆಳಕಿಗೆ ಹಿಡಿಯಿರಿ. ಒಂದೊಂದು ತೂತಿನಿಂದಲೂ ಬೆಳಕು ಕಾಣಬೇಕು. ಕಾಣದ ತೂತನ್ನು ಮೊಳೆಯಿಂದಲೋ ಸರಿ ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲಿ ತಿರುಗಿಸಿಯೋ ಬಿಡಿಸಿ. ತೂತು ದೊಡ್ಡದಾಗುವಂತೆ ಕೊರೆಯಬೇಡಿ. ತಳದಲ್ಲಿ ಗಟ್ಟಿ ಬಿಲ್ಲೆಯಂಥದು ಅಂಟಿಕೊಂಡಿದ್ದರೆ ಅದು ಕ್ಲಿಂಕರ್, ಕರಗಿ ಹೆಪ್ಪುಗಟ್ಟಿದ ಬೂದಿಯ ಕಿಟ್ಟ. ಪೆಲೆಟ್ಟಿನಲ್ಲಿ ಮಣ್ಣು, ಮರಳು, ತೊಗಟೆ ಹೆಚ್ಚಿದ್ದರೆ ಅವುಗಳಲ್ಲಿರುವ ಖನಿಜ ಆ ಬಿಸಿಗೆ ಕರಗಿ ಹೀಗಾಗುತ್ತದೆ. ಕೆಬ್ಬಿ ತೆಗೆಯಿರಿ. ಪಾಟನ್ನು ವಾಪಸ್ ಇಡುವಾಗ ಅದು ಕೂರುವ ಅಂಚಿನ ಮೇಲೆ ಒಂದು ಪೆಲೆಟ್ಟಾಗಲಿ ಬೂದಿಯ ಗುಪ್ಪೆಯಾಗಲಿ ಇರಬಾರದು. ಪಾಟ್ ಒಂದು ಕೂದಲೆಳೆ ಎದ್ದು ಕೂತರೂ ಗಾಳಿ ತೂತುಗಳನ್ನು ಬಿಟ್ಟು ಆ ಸಂದಿಯಿಂದಲೇ ನುಗ್ಗುತ್ತದೆ.

ಎರಡನೆಯದು ಬಾಗಿಲ ಗ್ಯಾಸ್ಕೆಟ್, ಅಂಚಿನ ಸಂದಿ ಮುಚ್ಚುವ ಹಗ್ಗ. ಒಂದು ಡಾಲರ್ ನೋಟನ್ನು ಬಾಗಿಲ ಅಂಚಿಗಿಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಎಳೆದುಕೊಂಡು ಬಂದರೆ ಸರಿ, ಸಲೀಸಾಗಿ ಜಾರಿ ಬಂದರೆ ಆ ಜಾಗದಲ್ಲಿ ಗ್ಯಾಸ್ಕೆಟ್ ಸವೆದಿದೆ. ನಾಲ್ಕೂ ಬದಿ ಹೀಗೆ ನೋಡಿ. ಬೂದಿಯ ಟ್ರೇಗೂ ಗಾಜಿಗೂ ಬೇರೆ ಗ್ಯಾಸ್ಕೆಟ್ ಇರುತ್ತವೆ. ಬಹಳ ಜನ ಮರೆಯುವುದು ಟ್ರೇಯದನ್ನು. ಹೊಸ ಹಗ್ಗ ಕೊಳ್ಳುವಾಗ ಹಳೆಯದರ ದಪ್ಪವನ್ನೇ ಕೊಳ್ಳಿ, ಅಂಟಿಸುವಾಗ ಜಗ್ಗಬೇಡಿ. ಜಗ್ಗಿದರೆ ಹಗ್ಗ ತೆಳುವಾಗಿ ಮೊದಲಿನಷ್ಟೇ ಸೋರುತ್ತದೆ.

ಮೂರನೆಯದು ಹೊಗೆಯ ದಾರಿ, ಕಣ್ಣಿಗೆ ಕಾಣದ ಬೂದಿ ಕೂರುವುದು ಇಲ್ಲೇ. ಉರಿಯ ಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಇಟ್ಟಿಗೆಯಂತೆ ಕಾಣುವ ಹಲಗೆ ಇರುತ್ತದೆ. ಒಂದೆರಡು ಸ್ಕ್ರೂ ಅಥವಾ ಕೊಂಡಿ ಬಿಡಿಸಿದರೆ ಅದು ಕೈಗೆ ಬರುತ್ತದೆ. ಅದರ ಹಿಂದೆ ಹೊಗೆ ಕೆಳಕ್ಕಿಳಿಯುವ ಎರಡು ಓಣಿಗಳಿವೆ, ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಮುಚ್ಚಳ. ಎರಡು ವರ್ಷ ತೆಗೆಯದ ಸ್ಟೋವಿನಲ್ಲಿ ಆ ಮುಚ್ಚಳ ತೆಗೆದರೆ ಬೂದಿ ಗೋಧಿಹಿಟ್ಟಿನಷ್ಟು ನುಣ್ಣಗೆ, ಒತ್ತಿ ತುಂಬಿದಂತೆ ಕೂತಿರುತ್ತದೆ. ನಡುವೆ ಹೆಬ್ಬೆರಳಿನಷ್ಟು ದಾರಿ ಮಾತ್ರ ಉಳಿದಿರುತ್ತದೆ. ಬೆಂಕಿ ಇಡೀ ಚಳಿಗಾಲ ಆ ಹೆಬ್ಬೆರಳಿನ ದಾರಿಯಲ್ಲಿ ಉಸಿರಾಡಿರುತ್ತದೆ. ರಬ್ಬರ್ ಸುತ್ತಿಗೆಯಿಂದ ಗೋಡೆಗೆ ಮೆಲ್ಲಗೆ ತಟ್ಟಿ, ಬೂದಿ ಉದುರುವಷ್ಟು ಉದುರಲಿ, ವ್ಯಾಕ್ಯೂಮ್ ಕೊಳವೆಯ ತುದಿಗೆ ಸಣ್ಣ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ ಮೂಲೆಯವರೆಗೂ ಎಳೆಯಿರಿ. ಹಲಗೆ ವರ್ಮಿಕ್ಯುಲೈಟಿನದಾಗಿದ್ದರೆ ಅದಕ್ಕೆ ಮಾತ್ರ ಸುತ್ತಿಗೆ ತಾಗಿಸಬೇಡಿ, ಒಡೆಯುತ್ತದೆ.

ಅಲ್ಲಿಂದ ಮುಂದೆ ಎಕ್ಸಾಸ್ಟ್ ಬ್ಲೋವರ್. ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಅದರ ರೆಕ್ಕೆಗಳಿಗೆ ಹತ್ತಿದ ಮಸಿಯನ್ನು ಬ್ರಷ್ಷಿನಿಂದ ತೆಗೆಯಬೇಕು. ರೆಕ್ಕೆಯ ಮೇಲೆ ಮಸಿ ದಪ್ಪವಾದರೆ ಮೋಟರ್ ತಿರುಗಿದರೂ ಗಾಳಿ ಹೊರಳುವುದಿಲ್ಲ, ತೂಕ ಒಂದು ಕಡೆ ಹೆಚ್ಚಾಗಿ ಬೇರಿಂಗ್ ಸವೆಯುತ್ತದೆ. ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಹೊಸದೇ ಹಾಕಿ. ಹಳೆಯದು ಹರಿದಿದ್ದರೆ ಹೊಗೆ ಮನೆಯೊಳಗೇ ಸೋರುತ್ತದೆ.

ಕೊನೆಗೆ ವೆಂಟ್ ಪೈಪ್. ಹೊರಗಿನ ತುದಿಯ ಜಾಲರಿಗೆ ಹಕ್ಕಿ ಗೂಡು, ಒಣ ಎಲೆ, ಮಸಿ, ಜನವರಿಯಲ್ಲಾದರೆ ಹಿಮದ ಗುಡ್ಡೆ ಅಡ್ಡ ಬಂದಿದೆಯೇ ನೋಡಿ. ಪೈಪಿನ ಬುಡದ ಟೀ ಜೋಡಣೆಯ ಕೆಳಗೆ ಮುಚ್ಚಳ ಇರುತ್ತದೆ, ಬೂದಿ ಅಲ್ಲಿ ಬಂದು ಕೂರುತ್ತದೆ. ಪೈಪಿನ ಅಳತೆಯ ಬ್ರಷ್ ಹಾಕಿ ಉಜ್ಜಿ. ಎಲೆ ಊದುವ ಲೀಫ್ ಬ್ಲೋವರಿನ ಹೀರುವ ಬಾಯನ್ನು ವೆಂಟಿನ ಹೊರತುದಿಗೆ ಕೊಟ್ಟು ಎಳೆಯುವವರೂ ಇದ್ದಾರೆ. ಒಳಗಿನ ಬೂದಿ ಬಹಳಷ್ಟು ಹೊರಬರುತ್ತದೆ. ಸ್ಟೋವ್ ಹಿಂದಿನ ದಿನವೇ ಆರಿರಬೇಕು, ಕೆಂಡ ಒಂದೂ ಇರಬಾರದು, ಅಕ್ಕಪಕ್ಕದವರ ಬಟ್ಟೆ ಕಾರು ದೂರ ಇರಬೇಕು. ನಿಮ್ಮ ಸ್ಟೋವಿನ ಕೈಪಿಡಿ ಬೇಡ ಅಂದಿದ್ದರೆ ಬೇಡ.

ಎಷ್ಟು ಶುದ್ಧ ಮಾಡಿದರೂ ಜ್ವಾಲೆ ಚುರುಕಾಗದಿದ್ದರೆ ಪೈಪಿನ ಉದ್ದವನ್ನೇ ಲೆಕ್ಕ ಹಾಕಿ. ತಯಾರಕರು ಸಾಮಾನ್ಯವಾಗಿ ಕೊಡುವ ಲೆಕ್ಕ ಇದು: 90 ಡಿಗ್ರಿ ಬಾಗಿಗೂ ಟೀ ಜೋಡಣೆಗೂ ತಲಾ 5 ಅಡಿ, 45 ಡಿಗ್ರಿ ಬಾಗಿಗೆ 3 ಅಡಿ, ಅಡ್ಡ ಪೈಪಿಗೆ ಅಡಿಗೆ 1, ನೆಟ್ಟನೆ ಏರುವ ಪೈಪಿಗೆ ಅಡಿಗೆ ಅರ್ಧ. ಮೊತ್ತ 15 ದಾಟಿದರೆ 3 ಇಂಚಿನ ಪೈಪ್ ಸಾಲದು, 4 ಇಂಚು ಬೇಕು. ಬೇಸ್‌ಮೆಂಟಿನ ಸ್ಟೋವ್ ತೆಗೆದುಕೊಳ್ಳಿ: ಹಿಂದೆ ಒಂದು ಟೀ 5, ನೆಟ್ಟಗೆ 12 ಅಡಿ ಏರಿದ್ದಕ್ಕೆ 6, ಮೇಲೆ ಒಂದು 90 ಡಿಗ್ರಿ ಬಾಗು 5, ಗೋಡೆ ದಾಟುವ ಅಡ್ಡ ಪೈಪ್ 2. ಒಟ್ಟು 18. ಇದನ್ನು 3 ಇಂಚಿನಲ್ಲಿ ಹಾಕಿದ್ದರೆ ಸ್ಟೋವಿಗೆ ಮೊದಲ ದಿನದಿಂದಲೂ ಉಸಿರು ಸಾಕಾಗಿಲ್ಲ, ಮಾಲೀಕರು ಅಷ್ಟು ವರ್ಷ ಪೆಲೆಟ್ ಕಂಪನಿ ಬದಲಾಯಿಸುತ್ತಾ ಬಂದಿರುತ್ತಾರೆ.

ಹೊತ್ತಿಕೊಳ್ಳುವುದೇ ಇಲ್ಲ

ಪೆಲೆಟ್ ಬೀಳುತ್ತದೆ, ಬ್ಲೋವರ್ ತಿರುಗುತ್ತದೆ, ಬೆಂಕಿ ಮಾತ್ರ ಇಲ್ಲ. ಇಗ್ನೈಟರ್ ಒಂದು ಬಿಸಿ ಕಡ್ಡಿ. ಬರ್ನ್ ಪಾಟಿನ ಒಂದು ತೂತಿನ ಹಿಂದೆ ಕೂತು, ಅದರ ಮೇಲೆ ಹಾಯುವ ಗಾಳಿಯನ್ನು ಕಾಯಿಸಿ ಪೆಲೆಟ್ಟಿಗೆ ಬೆಂಕಿ ಹತ್ತಿಸುತ್ತದೆ. ಆ ತೂತು ಬೂದಿಯಿಂದ ಮುಚ್ಚಿದ್ದರೂ, ಪಾಟ್ ಓರೆಯಾಗಿ ಕೂತು ತೂತು ಇಗ್ನೈಟರಿಗೆ ಎದುರಾಗದಿದ್ದರೂ ಬೆಂಕಿ ಹತ್ತುವುದಿಲ್ಲ. ಮೊದಲು ಇವೆರಡನ್ನು ನೋಡಿ.

ಆಮೇಲೆ, ಪ್ಲಗ್ ಕಿತ್ತು, ಇಗ್ನೈಟರಿನ ಎರಡು ತಂತಿ ಬಿಡಿಸಿ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. 120 ವೋಲ್ಟಿನ 300 ವಾಟ್ ಇಗ್ನೈಟರಿಗೆ ಲೆಕ್ಕದ ಪ್ರಕಾರ 48 ಓಮ್ ಬರಬೇಕು. ಅದರ ಆಸುಪಾಸು ತೋರಿಸಿದರೆ ಕಡ್ಡಿ ಸರಿಯಿದೆ. ಮೀಟರ್ ಏನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ, ಬದಲಾಯಿಸಿ. ಒಳಗೆ ಶಾರ್ಟ್ ಆದ ಇಗ್ನೈಟರ್ ಬೋರ್ಡಿನ ಫ್ಯೂಸನ್ನೇ ಹಾರಿಸುತ್ತದೆ. ಆಗ ದೀಪವೂ ಇಲ್ಲ, ಬ್ಲೋವರೂ ಇಲ್ಲ, ಬೋರ್ಡೇ ಸುಟ್ಟಿತು ಅನಿಸುತ್ತದೆ. ಸ್ಟೋವ್ ಪೂರ್ತಿ ಸತ್ತಂತಿದ್ದರೆ ದುಬಾರಿ ಬೋರ್ಡ್ ತರಿಸುವ ಮೊದಲು ಆ ಪುಟ್ಟ ಫ್ಯೂಸ್ ನೋಡಿ. ಹಾಕುವಾಗ ಮೊದಲಿದ್ದ ಆಂಪಿಯರಿನದೇ ಹಾಕಿ.

ಇಗ್ನೈಟರ್ ಬರುವವರೆಗೆ ಚಳಿಯಲ್ಲಿ ನಡುಗಬೇಕಾಗಿಲ್ಲ. ಕೈಪಿಡಿ ಒಪ್ಪಿದರೆ ಒಂದು ಹಿಡಿ ಪೆಲೆಟ್ ಪಾಟಿಗೆ ಹಾಕಿ, ಪೆಲೆಟ್ ಹಚ್ಚಲೆಂದೇ ಸಿಗುವ ಜೆಲ್ ಕಲಸಿ, ಕಡ್ಡಿ ಗೀರಿ ಬಾಗಿಲು ಮುಚ್ಚಿ. ಸೀಮೆಎಣ್ಣೆ, ಪೆಟ್ರೋಲ್ ಖಂಡಿತ ಬೇಡ. ಬೆಂಕಿ ಹತ್ತಿದಂತೆ ಕಂಡು ಆರುತ್ತಿದ್ದರೂ ಮೇಲಿಂದ ಜೆಲ್ ಸುರಿಯಬೇಡಿ, ಡಬ್ಬಿಗೇ ಬೆಂಕಿ ಹತ್ತುತ್ತದೆ.

ಪೆಲೆಟ್ ಬೀಳುತ್ತಿಲ್ಲ

ಹಾಪರಿನಲ್ಲಿ ಪೆಲೆಟ್ ಇದ್ದೂ ಕಮಾನಿನಂತೆ ಕಟ್ಟಿಕೊಂಡು ಕೆಳಗೆ ಪೊಳ್ಳಾಗಿರಬಹುದು. ಸ್ಟೋವ್ ಆಫ್ ಮಾಡಿ ಕೋಲಿನಿಂದ ಕೆದಕಿ. ಆಗರ್ ಇರುವ ಕಡೆ ಯಾವತ್ತೂ ಕೈ ಹಾಕಬೇಡಿ. ಹಾಪರ್ ಮುಚ್ಚಳಕ್ಕೆ ಸ್ವಿಚ್ ಇರುವ ಸ್ಟೋವಿನಲ್ಲಿ ಮುಚ್ಚಳ ಸರಿಯಾಗಿ ಕೂರದಿದ್ದರೂ ಆಗರ್ ನಿಲ್ಲುತ್ತದೆ.

ಆಗರ್ ಮೋಟರನ್ನು ಪಕ್ಕದ ಬಾಗಿಲಿನಿಂದ ನೋಡಿ, ಕಿವಿಗೊಡಿ. ಮೋಟರ್ ತಿರುಗುತ್ತಿದೆ, ಆಗರ್ ತಿರುಗುತ್ತಿಲ್ಲ ಅಂದರೆ ಎರಡನ್ನೂ ಸೇರಿಸುವ ಸ್ಕ್ರೂ ಸಡಿಲವಾಗಿದೆ. ಅಲೆನ್ ಕೀ ಸಾಕು. ಮೋಟರ್ ಮುಂದೆ ತಿರುಗಲು ಹೋಗಿ ಟಕ್ ಅಂತ ಹಿಂದಕ್ಕೆ ಜಗ್ಗುತ್ತಿದ್ದರೆ ಏನೋ ಸಿಕ್ಕಿಕೊಂಡಿದೆ: ಉದ್ದನೆಯ ಪೆಲೆಟ್, ಚೀಲದ ಪ್ಲಾಸ್ಟಿಕ್ ಚೂರು, ಕೆಲವೊಮ್ಮೆ ಸ್ಕ್ರೂ. ಹಾಪರ್ ಖಾಲಿ ಮಾಡಿ ತಳದ ಪುಡಿಯನ್ನೆಲ್ಲ ಎಳೆದರೆ ಎಷ್ಟೋ ಸಲ ಅಲ್ಲಿಗೇ ಬಿಟ್ಟುಕೊಳ್ಳುತ್ತದೆ. ಆ ಪುಡಿಯೇ ಆಗರಿನ ಸುರುಳಿಯೊಳಗೆ ಒತ್ತಿ ಗಟ್ಟಿಯಾಗಿ ಪೆಲೆಟ್ಟಿಗೆ ಜಾಗ ಇಲ್ಲದಂತೆ ಮಾಡುವುದೂ ಉಂಟು. ಮೋಟರಿಗೆ ಕರೆಂಟೇ ಬರುತ್ತಿಲ್ಲ ಅಂದರೆ ಅದನ್ನು ತಡೆದದ್ದು ಮೇಲೆ ಹೇಳಿದ ಮೂರು ಸ್ವಿಚ್‌ಗಳಲ್ಲಿ ಒಂದು.

ಹೊತ್ತಿಕೊಂಡು, ಉರಿದು, ಆಮೇಲೆ ಆರುತ್ತದೆ

ಹಚ್ಚಿ 15-20 ನಿಮಿಷಕ್ಕೆ, ಬೆಂಕಿ ಚೆನ್ನಾಗಿರುವಾಗಲೇ ಆರಿದರೆ ಬೆಂಕಿ ಇದೆ ಅಂತ ಹೇಳಬೇಕಾದ ಡಿಸ್ಕ್ ಅದನ್ನು ಹೇಳಿಲ್ಲ. ಬ್ಲೋವರಿನ ಮೈಯಲ್ಲಿ ದಪ್ಪ ಬೂದಿ ಕೂತು ಬಿಸಿ ತಟ್ಟದಿರಬಹುದು, ಡಿಸ್ಕ್ ಸಡಿಲವಾಗಿ ಮೈಗೆ ಅಂಟಿರದಿರಬಹುದು, ತಂತಿಯ ತುದಿ ಜಾರಿರಬಹುದು. ಇವೆಲ್ಲ ಸರಿಯಿದ್ದೂ ಆರಿದರೆ ಡಿಸ್ಕ್ ಬದಲಾಯಿಸಿ, ಅಗ್ಗದ್ದು.

ಯಾವಾಗೆಂದರೆ ಆವಾಗ ಆರಿದರೆ ವ್ಯಾಕ್ಯೂಮ್ ಸ್ವಿಚ್ಚಿನ ಕಡೆ ಬನ್ನಿ. ಸ್ವಿಚ್ಚಿನಿಂದ ಸ್ಟೋವಿನ ಮೈಗೆ ತೆಳು ರಬ್ಬರ್ ನಳಿಗೆ ಹೋಗುತ್ತದೆ. ಬಿಸಿಗೆ ಅದು ಬಿರಿದಿರುತ್ತದೆ, ಇಲ್ಲವೇ ಅದು ಸೇರುವ ಲೋಹದ ಮೂತಿಯೊಳಗೆ ಬೂದಿ ಕಟ್ಟಿರುತ್ತದೆ. ನಳಿಗೆಯನ್ನು ಸ್ವಿಚ್ಚಿನ ಕಡೆಯಿಂದ ಬಿಡಿಸಿಕೊಂಡು ಊದಿ, ಮೂತಿಯೊಳಗೆ ತಂತಿ ಆಡಿಸಿ. ಸ್ವಿಚ್ಚಿಗೇ ಬಾಯಿಟ್ಟು ಊದಬೇಡಿ, ಒಳಗಿನ ತೆಳು ಪೊರೆ ಹರಿಯುತ್ತದೆ. ಸ್ವಿಚ್ ಜೀವಂತ ಇದೆಯೇ ತಿಳಿಯಲು ಪ್ಲಗ್ ಕಿತ್ತು, ಮೀಟರ್ ಸಿಕ್ಕಿಸಿ, ಸ್ವಿಚ್ಚಿಗೆ ಸೇರಿಸಿದ ಶುದ್ಧ ನಳಿಗೆಯ ತುದಿಯಿಂದ ಬಾಯಲ್ಲಿ ಮೆಲ್ಲಗೆ ಗಾಳಿ ಎಳೆಯಿರಿ. ಟಿಕ್ ಅಂದು ಮೀಟರ್ ಕೂಡಿದಂತೆ ತೋರಿಸಿದರೆ ಸ್ವಿಚ್ ಸರಿಯಿದೆ. ಸ್ವಿಚ್ಚನ್ನು ತಂತಿಯಿಂದ ಸುತ್ತಿಕೊಂಡು ಹೋಗುವಂತೆ ಜೋಡಿಸಿ ಸ್ಟೋವ್ ಉರಿಸುವ ಸಲಹೆ ಅಲ್ಲಲ್ಲಿ ಕಾಣಸಿಗುತ್ತದೆ. ಹೊಗೆ ಹೊರಗೆ ಹೋಗದಿದ್ದರೂ ಬೆಂಕಿಗೆ ಪೆಲೆಟ್ ಬೀಳುತ್ತಲೇ ಇರಲಿ ಅಂದಂತೆ ಅದು. ಮನೆಯವರು ಮಲಗಿರುವ ಮನೆಯಲ್ಲಿ ಅದನ್ನು ಮಾಡಬೇಡಿ.

ಇಲ್ಲಿ ಪರಿಚಯದ ಕುಟುಂಬವೊಂದರ ಸಂಗತಿ ಹೇಳಲೇಬೇಕು. ಅವರ ಸ್ಟೋವ್ ಹಗಲೆಲ್ಲ ಉರಿದು ಸಂಜೆ ಏಳರ ಹೊತ್ತಿಗೆ ವ್ಯಾಕ್ಯೂಮ್ ದೋಷ ತೋರಿಸಿ ನಿಲ್ಲುತ್ತಿತ್ತು. ಸ್ಟೋವ್ ಶುದ್ಧವಾಗಿತ್ತು, ಸ್ವಿಚ್ ಬದಲಾಯಿಸಿಯೂ ಆಗಿತ್ತು. ಏಳಕ್ಕೆ ಆ ಮನೆಯಲ್ಲಿ ನಡೆಯುತ್ತಿದ್ದದ್ದು ಅಡುಗೆ: ಒಗ್ಗರಣೆಯ ಘಾಟು ಸೋಫಾಗೆ ಹತ್ತಬಾರದೆಂದು ಹಾಕಿಸಿದ್ದ ದೊಡ್ಡ ಚಿಮಣಿ ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಹೊಸ ಕಿಟಕಿ, ಹೊಸ ನಿರೋಧಕ ಹೊದಿಕೆಯ ಬಿಗಿ ಮನೆ. ಚಿಮಣಿ ಹೊರಹಾಕಿದಷ್ಟು ಗಾಳಿ ಒಳಗೆ ಬರಲು ಸಂದಿಯಿಲ್ಲ. ಚಿಮಣಿ ಸ್ಟೋವಿನ ಮೂಲಕವೇ ಗಾಳಿ ಎಳೆಯಲು ಹೊರಟು, ಎಕ್ಸಾಸ್ಟ್ ಬ್ಲೋವರಿಗೂ ಅದಕ್ಕೂ ಜಗ್ಗಾಟವಾಗುತ್ತಿತ್ತು. ಚಿಮಣಿ ಹಾಕಿ ಸ್ಟೋವಿನ ಪಕ್ಕದ ಕಿಟಕಿ ಒಂದಿಂಚು ತೆಗೆದರೆ ಜ್ವಾಲೆ ಕಣ್ಣೆದುರೇ ನೆಟ್ಟಗಾಯಿತು, ಮುಚ್ಚಿದರೆ ಮತ್ತೆ ಕಿತ್ತಳೆ. ಸ್ಟೋವಿಗೆ ಹೊರಗಿನ ಗಾಳಿ ನೇರ ತರುವ ಪೈಪ್ ಹಾಕಿಸಿದ ಮೇಲೆ ಸಂಜೆ ಆರುವುದು ನಿಂತಿತು. ನಮ್ಮ ಅಡುಗೆಯ ಮನೆಗಳಲ್ಲಿ ಇದನ್ನು ಮೊದಲೇ ಯೋಚಿಸಬೇಕು. ಅಮೆರಿಕದ ಮಾದರಿ ವಸತಿ ಕಟ್ಟಡ ಸಂಹಿತೆಯೂ ಕೆಲವು ಬಗೆಯ ಉರಿ ಸಾಧನಗಳಿರುವ ಮನೆಯಲ್ಲಿ ನಿಮಿಷಕ್ಕೆ 400 ಘನ ಅಡಿಗಿಂತ ಹೆಚ್ಚು ಎಳೆಯುವ ಚಿಮಣಿಗೆ ಬದಲಿ ಗಾಳಿಯ ವ್ಯವಸ್ಥೆ ಕೇಳುತ್ತದೆ. ಬಟ್ಟೆ ಒಣಗಿಸುವ ಡ್ರೈಯರ್, ಬಚ್ಚಲಿನ ಫ್ಯಾನ್ ಕೂಡ ಸಣ್ಣ ಪ್ರಮಾಣದಲ್ಲಿ ಇದೇ ಕೆಲಸ ಮಾಡುತ್ತವೆ.

ಹೊಗೆ ವಾಸನೆ, ಮತ್ತು ಕರೆಂಟ್ ಹೋದಾಗ

ಹಚ್ಚುವಾಗ ಮಾತ್ರ ತುಸು ಹೊಗೆ ವಾಸನೆ ಬಂದರೆ ಪೈಪಿನ ಕೀಲುಗಳಲ್ಲಿ ಸೋರಿಕೆ ಹುಡುಕಿ. ಬ್ಲೋವರಿನಿಂದ ಮುಂದಕ್ಕೆ ಪೈಪಿನೊಳಗೆ ಒತ್ತಡ ಹೊರಮುಖ, ಹಾಗಾಗಿ ಸಣ್ಣ ಬಿರುಕೂ ಹೊಗೆ ಬಿಡುತ್ತದೆ. ಕತ್ತಲಲ್ಲಿ ಟಾರ್ಚ್ ಹಿಡಿದು, ಹಚ್ಚಿದ ಮೊದಲ ನಿಮಿಷಗಳಲ್ಲಿ ಕೀಲು ಕೀಲು ನೋಡಿದರೆ ಎಳೆ ಹೊಗೆ ಬೆಳಕಿಗೆ ಸಿಗುತ್ತದೆ. ಪೈಪ್ ತಯಾರಕರು ಹೇಳಿದ ಹೆಚ್ಚು ಬಿಸಿ ತಡೆಯುವ ಸಿಲಿಕೋನ್ ಹಚ್ಚಿ.

ಕರೆಂಟ್ ಹೋದರೆ ಎಕ್ಸಾಸ್ಟ್ ಬ್ಲೋವರ್ ನಿಲ್ಲುತ್ತದೆ, ಪಾಟಿನಲ್ಲಿ ಉಳಿದ ಪೆಲೆಟ್ ಹೊಗೆಯಾಡುತ್ತದೆ. ಬಾಗಿಲು ತೆರೆಯಬೇಡಿ, ಅದು ತಾನಾಗಿ ಆರಲಿ. 2008ರ ಡಿಸೆಂಬರಿನ ಮಂಜುಗಡ್ಡೆ ಮಳೆಯಲ್ಲಿ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್ ಕಡೆ ಎಷ್ಟೋ ಮನೆಗಳಿಗೆ ವಾರ ದಾಟಿದರೂ ಕರೆಂಟ್ ಬರಲಿಲ್ಲ. ಈ ಸ್ಟೋವನ್ನೇ ನಂಬಿದವರು ಬದಲಿ ಏರ್ಪಾಡು ಇಟ್ಟುಕೊಳ್ಳುವುದು ಒಳ್ಳೆಯದು. ನಮಗೆ ಯುಪಿಎಸ್ ಹೊಸದಲ್ಲ, ಆದರೆ ಊರಿನ ಮನೆಗಳಲ್ಲಿದ್ದ ಸ್ಕ್ವೇರ್ ವೇವ್ ಥರದ್ದು ಇಲ್ಲಿ ಬೇಡ. ಅದರಲ್ಲಿ ಮೋಟರ್‌ಗಳು ಗುಂಯ್‌ಗುಡುತ್ತವೆ, ಬೋರ್ಡ್ ಗಲಿಬಿಲಿಯಾಗುತ್ತದೆ. ಗೋಡೆಯ ಕರೆಂಟಿನಂತೆಯೇ ನಯವಾದ ಅಲೆ ಕೊಡುವ, ಶುದ್ಧ ಸೈನ್ ವೇವ್ ಇರುವುದನ್ನೇ ತೆಗೆದುಕೊಳ್ಳಿ. ಉರಿಯುವಾಗ ಸ್ಟೋವಿಗೆ ಸುಮಾರು 100ರಿಂದ 200 ವಾಟ್ ಸಾಕು. ಇಗ್ನೈಟರ್ ಕೆಲಸ ಮಾಡುವ ಆರಂಭದ ನಿಮಿಷಗಳಲ್ಲಿ 400-500 ಬೇಕಾಗುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್ ರಾತ್ರಿಯಿಡೀ ಉರಿಸದು, ಆದರೆ ಹೊಗೆಯಿಲ್ಲದೆ ಆರಿಸಲು ಬೇಕಾದಷ್ಟು ಹೊತ್ತು ಕೊಡುತ್ತದೆ.

ಬೆಂಕಿ ಚೆನ್ನಾಗಿದ್ದೂ ಕೋಣೆ ಬಿಸಿಯಾಗದಿದ್ದರೆ ಕನ್ವೆಕ್ಷನ್ ಬ್ಲೋವರ್ ನೋಡಿ. ಕೂದಲು, ದೂಳು ಸುತ್ತಿಕೊಂಡಿರುತ್ತದೆ. ಬಿಸಿ ಕೊಳವೆಗಳ ಮೇಲೆ ಬೂದಿ ಕೂತಿದ್ದರೆ ಮುಂದೆ ಚಾಚಿರುವ ಸರಳನ್ನು ತಣ್ಣಗಿರುವಾಗ ಕೆಲವು ಸಲ ಎಳೆದು ತಳ್ಳಿ. ಈ ಬ್ಲೋವರ್ ನಿಂತರೆ ಸ್ಟೋವ್ ವಿಪರೀತ ಕಾದು ಮೇಲ್ಮಿತಿಯ ಡಿಸ್ಕ್ ಹಾರುತ್ತದೆ. ಡಿಸ್ಕಿನ ನಡುವೆ ಕೆಂಪು ಗುಂಡಿ ಇದ್ದರೆ ಒತ್ತಬಹುದು. ಮತ್ತೆ ಹಾರಿದರೆ ಒತ್ತುವುದು ಬಿಟ್ಟು ಕಾರಣ ಹುಡುಕಿ.

ಪೆಲೆಟ್ಟಿನ ಗುಣ

ಅಮೆರಿಕದಲ್ಲಿ ಚೀಲಕ್ಕೆ 40 ಪೌಂಡ್, ಟನ್ನಿಗೆ 50 ಚೀಲ. ಪೆಲೆಟ್ ಫ್ಯೂಯೆಲ್ಸ್ ಇನ್‌ಸ್ಟಿಟ್ಯೂಟಿನ ಪ್ರೀಮಿಯಂ ದರ್ಜೆಯ ಪೆಲೆಟ್ಟಿನಲ್ಲಿ ಬೂದಿ 1 ಶೇಕಡಾ, ತೇವ 8 ಶೇಕಡಾ, ಪುಡಿ ಅರ್ಧ ಶೇಕಡಾ ಮೀರಬಾರದು. 1 ಶೇಕಡಾ ಅಂದರೆ ಅಲ್ಪ ಅನಿಸುತ್ತದೆ, ಆದರೆ ಟನ್ನಿಗೆ 20 ಪೌಂಡ್ ಬೂದಿ. 0.4 ಶೇಕಡಾದ ಪೆಲೆಟ್ ಸಿಕ್ಕರೆ ಅದು 8 ಪೌಂಡಿಗೆ ಇಳಿಯುತ್ತದೆ. ನೀವು ವ್ಯಾಕ್ಯೂಮ್ ಹಿಡಿಯುವ ಸಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಇಡೀ ಚಳಿಗಾಲದ ದಾಸ್ತಾನು ಕೊಳ್ಳುವ ಮೊದಲು ಬೇರೆ ಬೇರೆ ತಯಾರಕರ ಕೆಲವು ಚೀಲ ತಂದು ಉರಿಸಿ ಬೂದಿ ಹೋಲಿಸಿ. ಒಂದು ಲೋಟ ನೀರಿಗೆ ಪೆಲೆಟ್ ಹಾಕಿ ನೋಡಿ. ಊದಿ ಬಿರಿದು ಹೊಟ್ಟಾಗುತ್ತದೆ. ಒದ್ದೆ ನೆಲಕ್ಕೆ ತಾಗಿಸಿಟ್ಟ ಚೀಲದಲ್ಲೂ ಇದೇ ಆಗುವುದು, ಆ ಹೊಟ್ಟು ಆಗರಿಗೆ ಹೋಗುವುದು. ಹಲಗೆಯ ಮೇಲಿಡಿ.

ಚೀಲವಿಲ್ಲದೆ ಕೋಣೆಗಟ್ಟಲೆ ಪೆಲೆಟ್ ತುಂಬಿಸುವವರು ಇನ್ನೊಂದು ತಿಳಿದಿರಬೇಕು. ಮುಚ್ಚಿದ ಕೋಣೆಯಲ್ಲಿ ರಾಶಿ ಪೆಲೆಟ್ ಉರಿಯದೆಯೇ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಯೂರೋಪಿನಲ್ಲಿ ಇಂಥ ಕೋಣೆಗೆ ಇಳಿದವರು ಸತ್ತ ಪ್ರಕರಣಗಳಿವೆ. ಗಾಳಿಯಾಡಿಸದೆ ಒಳಗೆ ಕಾಲಿಡಬೇಡಿ.

ಯಾವಾಗ ಏನು

ಬರ್ನ್ ಪಾಟ್ ಕೆಬ್ಬುವುದು ದಿನಕ್ಕೊಮ್ಮೆ, ಅಥವಾ ಚೀಲ ಮುಗಿದಾಗಲೆಲ್ಲ. ಉರಿಯ ಪೆಟ್ಟಿಗೆ, ಗಾಜು, ಟ್ರೇ ವಾರಕ್ಕೊಮ್ಮೆ. ಹಿಂದಿನ ಓಣಿ ಮತ್ತು ಪೈಪ್ ಟನ್ನಿಗೊಮ್ಮೆ. ಬೂದಿ ಹೆಚ್ಚಿನ ಪೆಲೆಟ್ಟಾದರೆ ಅದಕ್ಕೂ ಮೊದಲು. ಅಮೆರಿಕದ ಅಗ್ನಿಸುರಕ್ಷೆಯ ಎನ್‌ಎಫ್‌ಪಿಎ 211 ಮಾನದಂಡ ಹೊಗೆಗೂಡು, ವೆಂಟ್‌ಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು ಅನ್ನುತ್ತದೆ. ರಿಪೇರಿಯವರನ್ನು ಏಪ್ರಿಲ್-ಮೇನಲ್ಲಿ ಕರೆಯಿರಿ. ಅಕ್ಟೋಬರಿನಲ್ಲಿ ಎಲ್ಲರೂ ಕರೆಯುತ್ತಾರೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗಿದ ಸ್ಟೋವ್, ಹಾಪರಿನೊಳಗೆ ಹೊಗೆ ಬಂದ ಸ್ಟೋವ್, ಮತ್ತೆ ಮತ್ತೆ ಫ್ಯೂಸ್ ಹಾರಿಸುವ ಸ್ಟೋವ್ ಇವನ್ನು ಅವರು ನೋಡುವವರೆಗೆ ಹಚ್ಚಬೇಡಿ.

ಬೇಸಿಗೆಗೆ ನಿಲ್ಲಿಸುವಾಗ ಹಾಪರ್ ಖಾಲಿಯಾಗುವವರೆಗೆ ಉರಿಸಿ, ಆಗರಿನಲ್ಲಿ ಉಳಿದ ಪುಡಿಯನ್ನೂ ಎಳೆಯಿರಿ. ಜುಲೈನ ತೇವಕ್ಕೆ ಅಲ್ಲಿ ಉಳಿದ ಪೆಲೆಟ್ ಊದಿ ಗಟ್ಟಿಯಾಗುತ್ತದೆ, ಬಿಟ್ಟ ಬೂದಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಪ್ಲಗ್ ಕಿತ್ತಿಡಿ, ಸಿಡಿಲಿನ ದಿನಗಳಲ್ಲಿ ಬೋರ್ಡ್ ಉಳಿಯುತ್ತದೆ. ಹಕ್ಕಿ, ಕಣಜ ಒಳಗೆ ಸೇರದಂತೆ ವೆಂಟಿನ ಹೊರಬಾಯಿಗೆ ಏನಾದರೂ ಕಟ್ಟಿದರೆ, ಕಟ್ಟಿದ್ದೇನೆ ಅಂತ ಚೀಟಿ ಬರೆದು ಹಾಪರ್ ಮುಚ್ಚಳಕ್ಕೆ ಅಂಟಿಸಿ. ಅಕ್ಟೋಬರಿನಲ್ಲಿ ಅದನ್ನು ಹಚ್ಚುವವರು ನೀವೇ ಆಗಿರಬೇಕೆಂದಿಲ್ಲ.